ಕೂತ್ಕೊಳ್ಳಿ, ಕರೀತೀವಿ: ನರ್ಸಿಂಗ್ ಶಾಲೆಯ ಪ್ರವೇಶಾಧಿಕಾರಿಗಳಿಗೆ ಮೂರನೇ ಕಿಟಕಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರವೇಶಾಧಿಕಾರಿಗಳು,
ನರ್ಸಿಂಗ್ ಶಾಲೆ, ಎರಡನೇ ಮಹಡಿ,
ಲಿಫ್ಟ್ ಕೆಟ್ಟಿರುವುದರಿಂದ ಮೆಟ್ಟಿಲು ಹತ್ತಿ ಬಲಕ್ಕೆ.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಗುಮಾಸ್ತರ ಆರೋಗ್ಯ ಮತ್ತು ತಮ್ಮ ಕಚೇರಿಯ ಟೆಲಿಫೋನಿನ ಆರೋಗ್ಯ, ಈ ಮೂರೂ ಚೆನ್ನಾಗಿವೆಯೆಂದು ನಂಬಿ, ಅದರಲ್ಲೂ ಮೂರನೆಯದರ ಬಗ್ಗೆ ವಿಶೇಷ ಕಾಳಜಿಯಿಂದ ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಈ ವರ್ಷ ತಮ್ಮಲ್ಲಿಗೆ ಅರ್ಜಿ ಹಾಕಿದ ನಾನೂರು ಚಿಲ್ಲರೆ ಜನರಲ್ಲಿ ಅರವತ್ತು ಮಂದಿಗೆ ಸೀಟು ಸಿಕ್ಕಿತು, ಮುನ್ನೂರು ಮಂದಿಗೆ ಸಿಗಲಿಲ್ಲ, ಒಳಗೂ ಇಲ್ಲದೆ ಹೊರಗೂ ಇಲ್ಲದೆ ವೇಟಿಂಗ್ ಲಿಸ್ಟ್ ಎಂಬ ಹೊಸ್ತಿಲ ಮೇಲೆ ಕೂತವರು ನಲವತ್ತು ಜನ, ಆ ನಲವತ್ತರಲ್ಲಿ ಹದಿನಾಲ್ಕನೆಯವಳು ನಾನು.

ತಾವು ಆಗ ಕಳಿಸಿದ ಪತ್ರದ ಸೊಬಗನ್ನು ಎಷ್ಟು ಹೊಗಳಿದರೂ ಸಾಲದು. 'ತಮ್ಮನ್ನು ಸದ್ಯಕ್ಕೆ ಆಯ್ಕೆ ಮಾಡಲಾಗಿಲ್ಲ, ತಿರಸ್ಕರಿಸಲಾಗಿಯೂ ಇಲ್ಲ, ಸ್ಥಾನ ತೆರವಾದಲ್ಲಿ ಕರೆಯಲಾಗುವುದು' ಎಂಬ ಆ ಒಂದೇ ವಾಕ್ಯವನ್ನು ನಾನು ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿದಾಗ, ನಮ್ಮತ್ತೆಯವರು ಕನ್ನಡಕ ತೆಗೆದು ಒರೆಸಿಕೊಂಡು, "ಅದೆಲ್ಲಾ ಇರ್ಲಿ, ಸಿಕ್ತೋ ಇಲ್ವೋ ಅದನ್ನ ಹೇಳು" ಎಂದರು. ಏಳನೇ ತರಗತಿಯ ನನ್ನ ಮಗಳು ನನ್ನ ಪರವಾಗಿ, "ಅಜ್ಜಿ, ಅಮ್ಮ ಪಾಸೂ ಅಲ್ಲ ಫೇಲೂ ಅಲ್ಲ, ಕ್ಲಾಸಿನ ಬಾಗಿಲ ಹತ್ರ ನಿಲ್ಸಿದ್ದಾರೆ" ಎಂದು ಬಿಡಿಸಿ ಹೇಳಿದಳು. ಮೂವತ್ತನಾಲ್ಕು ವರ್ಷ ಹತ್ತು ತಿಂಗಳ ವಯಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಮೂವತ್ತೈದು ತುಂಬಿದವರನ್ನು ತಾವು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ, ಮುಂದಿನ ವರ್ಷ ಆ ಬಾಗಿಲೂ ನನಗಿರುವುದಿಲ್ಲ ಎಂಬುದನ್ನು ಮಾತ್ರ ಮಗಳಿಗೆ ನಾನು ಹೇಳಿರಲಿಲ್ಲ.

ಇನ್ನು ನನ್ನ ಉದ್ಯೋಗದ ವಿಚಾರ, ಯಾಕೆಂದರೆ ಮುಂದಿನ ಎಡವಟ್ಟಿಗೆಲ್ಲ ಅದೇ ಮೂಲ. ತಮ್ಮ ಶಾಲೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದ ಮೂರನೇ ಕಿಟಕಿಯಲ್ಲಿ, ಹದಿಮೂರು ವರ್ಷಗಳಿಂದ ಗಾಜಿನ ಹಿಂದೆ ಕೂತು ಟೋಕನ್ ಕೊಡುವವಳು ನಾನು. ಗಾಜಿನ ಕೆಳಭಾಗದಲ್ಲಿ ಕೈ ತೂರುವಷ್ಟು ಒಂದು ಕಂಡಿಯಿದೆ. ಅದರಲ್ಲಿ ಜನರ ಹೆಸರು, ವಯಸ್ಸು, ಜ್ವರ, ನೋವು, ಭಯ ಎಲ್ಲ ಒಳಗೆ ಬರುತ್ತವೆ, ಒಂದು ಅಂಗೈಯಗಲದ ಚೀಟಿ ಹೊರಗೆ ಹೋಗುತ್ತದೆ, ಚೀಟಿಯ ಹಿಂದೆಯೇ ನನ್ನ ಬಾಯಿಂದ "ಕೂತ್ಕೊಳ್ಳಿ, ಕರೀತೀವಿ" ಎಂಬ ಮಾತೂ ಹೋಗುತ್ತದೆ. ಅಳುವವರಿಗೂ ಅದೇ, ರೇಗುವವರಿಗೂ ಅದೇ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂರಲಾಗದೆ ನಿಂತವರಿಗೂ ಅದೇ. ಒಮ್ಮೆ ಆಸ್ಪತ್ರೆಯ ಮುಖ್ಯಸ್ಥರೇ ಪೆನ್ನು ಕೇಳಲು ಬಂದಾಗ ತಲೆಯೆತ್ತದೆ ಅವರಿಗೂ ಹಾಗೆಯೇ ಹೇಳಿದೆ. ಪಾಪ, ಅವರು ಎರಡು ನಿಮಿಷ ಬೆಂಚಿನ ಮೇಲೆ ಕೂತಿದ್ದರಂತೆ.

ಇಷ್ಟು ಚೆನ್ನಾಗಿ ಕೂರಿಸುವವಳಿಗೆ ಈ ವಯಸ್ಸಿನಲ್ಲಿ ನರ್ಸಿಂಗ್ ಹುಚ್ಚು ಯಾಕೆ ಹಿಡಿಯಿತು ಎಂದು ತಾವು ಸಂದರ್ಶನದಲ್ಲಿ ಕೇಳಿದಿರಿ, ನಾನು 'ಸೇವಾ ಮನೋಭಾವ' ಎಂದೇನೋ ಬಾಯಿಪಾಠ ಒಪ್ಪಿಸಿದೆ. ನಿಜ ಹೇಳಲು ಧೈರ್ಯ ಬರಲಿಲ್ಲ, ಈಗ ಬಂದಿದೆ. ಹೋದ ವರ್ಷ ಒಬ್ಬ ಹಿರಿಯರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಎದೆಯಲ್ಲಿ ಏನೋ ಭಾರ ಎಂದು ನನ್ನ ಕಿಟಕಿಗೆ ಬಂದರು. ಚೀಟಿ ಕೊಟ್ಟೆ, ಕೂರಲು ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, "ಸ್ವಲ್ಪ ಬೇಗ ಆಗುತ್ತೇನಮ್ಮಾ?" ಎಂದು ಕೇಳಿದರು. ಅವರ ಮುಖವನ್ನು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ನೋಡಲಿಲ್ಲ, ಮತ್ತೆ ಕೂರಲು ಹೇಳಿದೆ. ಕಂಡಿಯ ಅಂಚು ಹಿಡಿದಿದ್ದ ಅವರ ಬೆರಳುಗಳು ಒಂದೊಂದಾಗಿ ಜಾರಿ ಕೆಳಗೆ ಹೋದದ್ದನ್ನು ಮಾತ್ರ ನೋಡಿದೆ. ಬಾಗಿಲು ತೆಗೆದು ಹೊರಗೆ ಓಡಿಬಂದು, ಅವರ ತಲೆಯ ಹತ್ತಿರ ನಿಂತು, ಎರಡೂ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಇದ್ದೆ, ಆ ಕೈಗಳನ್ನು ಎಲ್ಲಿಡಬೇಕೆಂದು ನನಗೆ ಗೊತ್ತಿರಲಿಲ್ಲ. ವಾರ್ಡಿನಿಂದ ಬಂದ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಸರಿಸಿ, ನೆಲಕ್ಕೆ ಮಂಡಿಯೂರಿ, ಅವರನ್ನು ಉಳಿಸಿಕೊಂಡರು. ಹದಿಮೂರು ವರ್ಷ ಆಸ್ಪತ್ರೆಯಲ್ಲೇ ಇದ್ದರೂ ನನಗೆ ಬರುವುದು ಜನರನ್ನು ಕೂರಿಸುವುದೊಂದೇ ಎಂದು ಆವತ್ತು ಗೊತ್ತಾಯಿತು, ಹೇಳಿಕೊಳ್ಳಲಾಗದಷ್ಟು ನಾಚಿಕೆಯಾಯಿತು. ಮರುವಾರವೇ ತಮ್ಮ ಅರ್ಜಿ ನಮೂನೆ ತಂದೆ.

ಹೀಗೆ ಹದಿನಾಲ್ಕನೆಯವಳಾಗಿ ನಾನು ಆರು ವಾರ ಕಾದೆ. ಕಾಯುವುದು ಹೇಗೆಂದು ಪುಸ್ತಕ ಬರೆಯುವಷ್ಟು ಅನುಭವ ನನಗಿದೆ ಎಂದುಕೊಂಡಿದ್ದೆ, ಆದರೆ ಕಾಯಿಸಿದ ಅನುಭವ ಕಾಯಲು ಮೂರು ಕಾಸಿನ ಪ್ರಯೋಜನಕ್ಕೂ ಬರುವುದಿಲ್ಲವೆಂದು ಎರಡನೇ ದಿನಕ್ಕೇ ತಿಳಿಯಿತು. ಪ್ರತಿ ಸಂಜೆ ಕೆಲಸ ಮುಗಿಸಿ ತಮ್ಮ ಶಾಲೆಯ ಸೂಚನಾ ಫಲಕದ ಮುಂದೆ ಹಾಜರಾಗುತ್ತಿದ್ದೆ. ಸೀಟು ಸಿಕ್ಕವರಲ್ಲಿ ಯಾರಾದರೂ ಬಿಟ್ಟರೆ ನಮ್ಮ ಪಟ್ಟಿಯಿಂದ ಒಬ್ಬರನ್ನು ಕರೆದು ಆ ಸಂಖ್ಯೆಯ ಮೇಲೆ ಕೆಂಪು ಗೆರೆ ಎಳೆಯುತ್ತಾರಷ್ಟೆ, ಆ ಗೆರೆ ಒಂದೊಂದು ಸಾಲು ಕೆಳಗಿಳಿದಾಗಲೂ ಹದಿನಾಲ್ಕಕ್ಕೆ ಇನ್ನೆಷ್ಟು ಸಾಲೆಂದು ಬೆರಳು ಮಡಚಿ ಎಣಿಸುತ್ತಿದ್ದೆ. ಆ ಅರವತ್ತು ಜನರ ಏಳಿಗೆಯನ್ನು ಅವರ ಹೆತ್ತವರೂ ನನ್ನಷ್ಟು ಬಯಸಿರಲಿಕ್ಕಿಲ್ಲ. ಒಬ್ಬರಿಗೆ ದೂರದೂರಿನಲ್ಲಿ ಕೆಲಸ ಸಿಗಲಿ, ಇನ್ನೊಬ್ಬರಿಗೆ ಡಾಕ್ಟರಿಕೆಯೇ ಸಿಗಲಿ, ಮತ್ತೊಬ್ಬರಿಗೆ ರಕ್ತ ಕಂಡರೆ ಒಂಚೂರು ತಲೆ ಸುತ್ತಲಿ, ಬೀಳುವುದು ಬೇಡ, ಗೋಡೆ ಹಿಡಿದುಕೊಂಡರೆ ಸಾಕು ಎಂದು ದಿನಾ ಹಾರೈಸಿದೆ.

ಮನೆಯಲ್ಲಿ ನನ್ನ ತಯಾರಿಯ ಭಾರವೆಲ್ಲ ಅತ್ತೆಯವರ ಮೈಮೇಲೆ ಬಿತ್ತು. ದಿನಕ್ಕೆರಡು ಸಲ ಅವರ ನಾಡಿ ಹಿಡಿದೆ, ರಕ್ತದೊತ್ತಡದ ಪಟ್ಟಿಯನ್ನು ಅವರ ತೋಳಿಗೆ ಸುತ್ತಿ ಅವರ ರಕ್ತದೊತ್ತಡ ಏರುವವರೆಗೂ ಗಾಳಿ ಒತ್ತಿದೆ, ಮೊಣಕೈಗೆ ಬ್ಯಾಂಡೇಜ್ ಸುತ್ತುವುದನ್ನು ಕಲಿಯಲು ಹೋಗಿ ಅವರ ಕೈಯನ್ನು ಕುರ್ಚಿಯ ಕೈಗೇ ಸೇರಿಸಿ ಸುತ್ತಿದೆ. ಅವರು ಕುರ್ಚಿ ಸಮೇತ ಎದ್ದು ನಿಂತು, "ನಿಂಗೆ ಸೀಟ್ ಕೊಡ್ದಿರೋರು ದೇವ್ರಂಥೋರು ಕಣೆ" ಎಂದದ್ದನ್ನು ತಮ್ಮ ಪ್ರಶಂಸೆಗೆಂದೇ ಇಲ್ಲಿ ದಾಖಲಿಸಿದ್ದೇನೆ. ಬಿಳಿ ಬೂಟನ್ನೂ ಆಗಲೇ ಕೊಂಡಿದ್ದೆ. ಹೊರಗೆ ಹಾಕಿದರೆ ಜನ ಕೇಳುತ್ತಾರೆಂದು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಹಾಕಿಕೊಂಡು ಓಡಾಡುತ್ತಿದ್ದೆ. ಯಜಮಾನರು ಕಾಲೆತ್ತಿ ದಾರಿ ಬಿಡುತ್ತಿದ್ದರು.

ಮಾನ್ಯರೇ, ಈಗ ದೂರಿಗೆ ಬರುತ್ತೇನೆ. ಅರ್ಜಿಯಲ್ಲಿ 'ಸಂಪರ್ಕ ಸಂಖ್ಯೆ' ಎಂದಿದ್ದ ಜಾಗದಲ್ಲಿ ನಾನು ತಲೆ ಓಡಿಸಿ, ಮೂರನೇ ಕಿಟಕಿಯ ಫೋನಿನ ನಂಬರನ್ನು ಬರೆದಿದ್ದೆ. ಡ್ಯೂಟಿಯಲ್ಲಿ ಮೊಬೈಲನ್ನು ಬೀರುವಿನಲ್ಲಿ ಇಟ್ಟಿರಬೇಕು, ತಾವು ಕರೆಯುವುದು ಕಚೇರಿ ವೇಳೆಯಲ್ಲಿ, ಆ ವೇಳೆಯಲ್ಲಿ ನಾನು ಅಲ್ಲಾಡದೆ ಕೂತಿರುವುದು ಆ ಫೋನಿನ ಮುಂದೆ. ಇಷ್ಟು ಲೆಕ್ಕಾಚಾರ ಮಾಡಿ ಬರೆದ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ನಂಬರು ಬರೆದವಳು ಮತ್ತು ಆ ಫೋನನ್ನು ಎತ್ತುವವಳು ಒಬ್ಬಳೇ ಎಂಬುದು ಮಾತ್ರ ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ.

ಅದೊಂದು ಮಂಗಳವಾರ. ಮಂಗಳವಾರ ನಮ್ಮಲ್ಲಿ ಮೂಳೆ ಡಾಕ್ಟರರ ದಿನ, ಊರಿನ ಮಂಡಿ, ಸೊಂಟ, ಕತ್ತುಗಳೆಲ್ಲ ನನ್ನ ಕಿಟಕಿಗೇ ಬರುತ್ತವೆ, ಬರಲಾಗದವು ಮನೆಯಿಂದ ಫೋನ್ ಮಾಡಿ ತಮ್ಮ ಸರದಿ ಎಷ್ಟೊತ್ತಿಗೆ ಎಂದು ಕೇಳುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಡಿದುಕೊಂಡಿತು. ಅತ್ತ ಕಡೆಯವರು "ಹಲೋ, ನಾವು..." ಎನ್ನುವಷ್ಟರಲ್ಲಿ ನಾನು "ಕೂತ್ಕೊಳ್ಳಿ, ಕರೀತೀವಿ" ಎಂದು ಇಟ್ಟೆ. ಹನ್ನೆರಡಕ್ಕೆ ಮತ್ತೆ ಬಡಿದುಕೊಂಡಿತು, ಮತ್ತೆ ಹಾಗೆಯೇ ಹೇಳಿ ಇಟ್ಟೆ. ಮೂರೂವರೆಗೆ ಮೂರನೇ ಸಲ ಅದೇ ಸೌಮ್ಯವಾದ ದನಿ ಬಂದಾಗ, ಇಡೀ ದಿನದ ಸಿಟ್ಟನ್ನೆಲ್ಲ ಸೇರಿಸಿ, "ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ? ಸರದಿ ಬಂದಾಗ ನಾವೇ ಕರೀತೀವಿ, ಸುಮ್ನೆ ಫೋನ್ ಮಾಡ್ಬೇಡಿ" ಎಂದು ಕುಕ್ಕಿದೆ. ಅವರು ಮತ್ತೆ ಮಾಡಲಿಲ್ಲ.

ಮರುದಿನ ಸಂಜೆ ಸೂಚನಾ ಫಲಕದಲ್ಲಿ ಹದಿನಾಲ್ಕರ ಮೇಲೆ ಕೆಂಪು ಗೆರೆ ಬಿದ್ದಿತ್ತು. ಮಾನ್ಯರೇ, ನಾಲ್ಕೈದು ನಿಮಿಷದ ಮಟ್ಟಿಗೆ ಈ ಭೂಮಿಯ ಮೇಲೆ ನನ್ನಷ್ಟು ಸುಖಿ ಇನ್ನೊಬ್ಬಳಿರಲಿಲ್ಲ. ತಮ್ಮ ಕಾವಲುಗಾರರ ಕೈ ಹಿಡಿದು ಕುಲುಕಿದೆ, ಹಿಡಿದ ಕೈಯಲ್ಲೇ ನಾಡಿಯನ್ನೂ ನೋಡಿದೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ತಮ್ಮ ಕಚೇರಿಗೆ ಬಂದರೆ, ದಪ್ಪ ಕನ್ನಡಕದ ತಮ್ಮ ಗುಮಾಸ್ತರು ನನ್ನ ಹೆಸರು ಕೇಳಿ ಒಂದು ರಿಜಿಸ್ಟರನ್ನು ತೆರೆದು ನನ್ನ ಕಡೆಗೆ ತಿರುಗಿಸಿದರು. ಹದಿನಾಲ್ಕರ ಎದುರು ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಮೊದಲ ಕರೆ: ಕೂರಲು ಹೇಳಿದರು. ಎರಡನೇ ಕರೆ: ಪುನಃ ಕೂರಲು ಹೇಳಿದರು. ಮೂರನೇ ಕರೆ: ತಾವೇ ಕರೆಯುವುದಾಗಿಯೂ ಸುಮ್ಮನೆ ಫೋನ್ ಮಾಡಬಾರದೆಂದೂ ತಿಳಿಸಿದರು. ಐದು ಗಂಟೆಯವರೆಗೆ ಕಾಯಲಾಯಿತು. ನಿಯಮದಂತೆ ಹದಿನೈದನೆಯವರಿಗೆ.' ಅವರು ಕನ್ನಡಕದ ಮೇಲಿಂದ ನೋಡಿ, ಒಂಚೂರೂ ಕುಹಕವಿಲ್ಲದೆ, "ನೀವೇ ಹೇಳಿದ್ರಲ್ಲ ಮೇಡಂ. ನಾನು ಕೂತೇ ಇದ್ದೆ, ಊಟಕ್ಕೂ ಏಳ್ಲಿಲ್ಲ" ಎಂದರು.

ನನ್ನ ದೂರು ಇರುವುದು ಇಲ್ಲಿಯೇ. ಹದಿಮೂರು ವರ್ಷಗಳಲ್ಲಿ ನಾನು ಕೂರಿಸಿದ ಲಕ್ಷಾಂತರ ಜನರಲ್ಲಿ ಒಬ್ಬರಾದರೂ ಬೈಯದೆ ಕೂತದ್ದಿಲ್ಲ. ಕಿಟಕಿ ಬಡಿದವರಿದ್ದಾರೆ, ಮಂತ್ರಿಗಳ ಹೆಸರು ಹೇಳಿದವರಿದ್ದಾರೆ, ನನ್ನ ಕುಲಕ್ಕೆಲ್ಲ ಶಾಪ ಹಾಕಿದವರಿದ್ದಾರೆ. ಇಡೀ ಜಗತ್ತಿನಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟು, ಊಟ ಬಿಟ್ಟು, ಕೂತ ಏಕೈಕ ಮನುಷ್ಯ ತಮ್ಮ ಕಚೇರಿಯಲ್ಲೇ ಇರಬೇಕೆ, ಅದೂ ಆ ಮಂಗಳವಾರವೇ ಕೂರಬೇಕೆ? ಅಂಥವರನ್ನು ಕೆಲಸಕ್ಕೆ ಇಟ್ಟುಕೊಂಡ ತಮ್ಮ ಹೊಣೆಗೇಡಿತನವನ್ನು ನಾನು ಕಟುವಾಗಿ ಖಂಡಿಸುತ್ತೇನೆ. ಆಮೇಲೆ ಅವರೆದುರೇ ನಾನು ಅತ್ತದ್ದೂ ನಿಜ, ಮೂಗು ಒರೆಸಿಕೊಳ್ಳಲು ಅವರು ಶಾಯಿ ಹೀರುವ ಕಾಗದ ಕೊಟ್ಟದ್ದೂ ನಿಜ. ಮೂಗಿಗೆ ನೀಲಿ ಹತ್ತಿದ್ದನ್ನು ಕಂಡು ಕನಿಕರ ಬಂತೋ ಏನೋ, ಪೆನ್ಸಿಲ್ ತೆಗೆದು ಅಂಚಿನಲ್ಲಿ ಸಣ್ಣದಾಗಿ, 'ಹದಿನೈದನೆಯವರು ಶುಕ್ರವಾರ ಸಂಜೆ ಐದರೊಳಗೆ ವೈದ್ಯಕೀಯ ಪ್ರಮಾಣಪತ್ರ ತಂದೊಪ್ಪಿಸದಿದ್ದಲ್ಲಿ, ಹದಿನಾಲ್ಕಕ್ಕೇ' ಎಂದು ಬರೆದರು.

ಶುಕ್ರವಾರ ಹತ್ತೂವರೆಗೆ ಕಂಡಿಯಲ್ಲಿ ಒಂದು ಕೈ ಬಂತು, ನಾನು ಟೋಕನ್ ಕೊಟ್ಟು ಕೂರಲು ಹೇಳಿದೆ, ಹುಡುಗಿ ಹೋಗಿ ಕೂತಳು. ಅವಳು ಬಿಟ್ಟುಹೋದ ನಮೂನೆಯನ್ನು ಫೈಲಿಗೆ ಸೇರಿಸುವಾಗ ತಲೆಬರಹ ಓದಿದೆ. ತಮ್ಮ ಶಾಲೆಯ ವೈದ್ಯಕೀಯ ಪ್ರಮಾಣಪತ್ರ, ಮೇಲೆ ತಮ್ಮ ಕೆಂಪು ಮುದ್ರೆ, ಮುದ್ರೆಯ ಪಕ್ಕದಲ್ಲಿ ಅದೇ ದುಂಡಕ್ಷರದಲ್ಲಿ 'ವೇಟಿಂಗ್ ಲಿಸ್ಟ್ ೧೫'. ಅವಳ ಟೋಕನ್ ನೂರ ಹದಿನೆಂಟು, ಒಳಗೆ ನಡೆಯುತ್ತಿದ್ದುದು ನಲವತ್ತೊಂದು, ಪ್ರಮಾಣಪತ್ರಕ್ಕೆ ಸಹಿ ಹಾಕುವ ಡಾಕ್ಟರು ಒಂದು ಗಂಟೆಗೆ ಎದ್ದರೆ ಮತ್ತೆ ಬರುವುದು ಸೋಮವಾರ. ಅಂದರೆ, ಮಾನ್ಯರೇ, ನಾನು ಯಾವ ಅನ್ಯಾಯವನ್ನೂ ಮಾಡಬೇಕಾಗಿರಲಿಲ್ಲ. ಹದಿಮೂರು ವರ್ಷದಿಂದ ಮಾಡಿದಂತೆ ನನ್ನ ಕೆಲಸವನ್ನು ಇನ್ನೊಂದು ಎರಡೂವರೆ ಗಂಟೆ ನಿಷ್ಠೆಯಿಂದ ಮಾಡಿದ್ದರೆ, ಸೀಟು ತಾನಾಗಿ ನನ್ನ ಮಡಿಲಿಗೆ ಬಂದು ಬೀಳುತ್ತಿತ್ತು. ಪ್ರಮಾಣಪತ್ರಕ್ಕೆ ಬಂದವರನ್ನು ಪಕ್ಕದ ಬಾಗಿಲಿಂದ ನೇರವಾಗಿ ಕಳಿಸಬೇಕೆಂಬ ಸುತ್ತೋಲೆ ಎರಡು ವರ್ಷದಿಂದ ನನ್ನ ಡ್ರಾಯರಿನಲ್ಲೇ ಇತ್ತು. ಯಾರಾದರೂ ಕೇಳಿದರೆ ಹೇಳೋಣವೆಂದು ಇಟ್ಟಿದ್ದೆ, ಯಾರಿಗೂ ಕೇಳಬೇಕೆಂದೇ ಗೊತ್ತಿರಲಿಲ್ಲ.

ಒಂದು ಗಂಟೆ ಹೊತ್ತು ನಾನು ಏನೂ ಮಾಡಲಿಲ್ಲ. ಇದನ್ನು ಮುಚ್ಚಿಟ್ಟರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ಟೋಕನ್ ಕೊಡುತ್ತ, ಗಡಿಯಾರ ನೋಡುತ್ತ, ನಡುನಡುವೆ ಅವಳನ್ನೂ ನೋಡುತ್ತ ಕೂತಿದ್ದೆ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಬೆಂಚಿನ ಅಂಚಿನಲ್ಲಿ ಬೆನ್ನು ನೇರ ಮಾಡಿಕೊಂಡು, ಒಳಗಿನ ಸಂಖ್ಯೆ ತೋರಿಸುವ ಕೆಂಪು ದೀಪದ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ಹನ್ನೊಂದೂವರೆಗೆ ಎದ್ದು ಬಂದು, ಗಾಜಿನ ಹತ್ತಿರ ಬಗ್ಗಿ, "ಅಕ್ಕಾ, ಒಂಚೂರು ನೀರು ಕುಡಿದು ಬರ್ಲಾ? ಅಷ್ಟ್ರಲ್ಲಿ ಕರೆದ್ಬಿಟ್ರೆ ಏನ್ಮಾಡ್ಲಿ?" ಎಂದು ಕೇಳಿದಳು. ಅವಳಿಗಿಂತ ಮುಂದೆ ಇನ್ನೂ ಅರವತ್ತು ಜನರಿದ್ದರು, ಅಷ್ಟರಲ್ಲಿ ಅವಳು ಸ್ನಾನ ಮಾಡಿ ಬರಬಹುದಿತ್ತು. ಆದರೆ ಆರು ವಾರ ನಾನೂ ಫೋನಿನ ಪಕ್ಕದಿಂದ ನೀರಿಗೆ ಎದ್ದವಳಲ್ಲ. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ನೋಡಿದ ಮೇಲೆ ಮತ್ತೆ ಕೂತ್ಕೊಳ್ಳಿ ಎನ್ನಲು ಬಾಯಿ ಬರಲಿಲ್ಲ, ದರಿದ್ರ ಬಾಯಿ, ಮಂಗಳವಾರ ಕೈಕೊಡಬಾರದಿತ್ತೇ!

ಕಿಟಕಿಗೆ 'ಐದು ನಿಮಿಷ' ಎಂಬ ಫಲಕ ಸಿಕ್ಕಿಸಿ, ಸುತ್ತೋಲೆಯನ್ನು ಕೈಯಲ್ಲಿ ಹಿಡಿದುಕೊಂಡು, ಅವಳನ್ನು ಪಕ್ಕದ ಬಾಗಿಲಿಂದ ಒಳಗೆ ಕರೆದೊಯ್ದೆ. ಅಲ್ಲಿದ್ದವರು ಆ ಕಂಡಕ್ಟರನ್ನು ಉಳಿಸಿದ ಅದೇ ಸಿಸ್ಟರ್. ಹುಡುಗಿಯ ನಾಡಿ ನೋಡಿ, "ಇದೇನಮ್ಮಾ ಹೀಗೆ ಓಡ್ತಿದೆ? ನೂರಾ ಹದಿನಾರು! ಇದನ್ನ ಬರೆದ್ರೆ ಡಾಕ್ಟ್ರು ಸಹಿ ಹಾಕಲ್ಲ" ಎಂದು, ನನ್ನ ಕಡೆ ತಿರುಗಿ, "ನೀವು ಕಲೀತಿದ್ದೀರಂತಲ್ಲ, ಹತ್ತು ನಿಮಿಷ ಬಿಟ್ಟು ನೀವೇ ನೋಡಿ ಹೇಳಿ" ಎಂದು ಹೋದರು. ನಾನು ಹುಡುಗಿಗೆ ಒಂದು ಲೋಟ ನೀರು ತಂದುಕೊಟ್ಟೆ. "ಕೂತ್ಕೊ" ಎಂದೆ. ಹದಿಮೂರು ವರ್ಷದಲ್ಲಿ ಮೊದಲ ಸಲ, ಒಬ್ಬರನ್ನು ಕೂರಿಸಿ ಪಕ್ಕದಲ್ಲಿ ನಾನೂ ಕೂತೆ. ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಎಣಿಸಿದೆ. ನೂರ ನಾಲ್ಕು, ತೊಂಬತ್ತೆರಡು, ಆಮೇಲೆ ಎಂಬತ್ತು. ನನ್ನ ಕೈಯನ್ನು ಎಲ್ಲಿಡಬೇಕೆಂದು ನನಗೆ ಆ ಹತ್ತು ನಿಮಿಷ ಚೆನ್ನಾಗಿ ಗೊತ್ತಿತ್ತು. ಅಷ್ಟು ಸಂತೋಷ ಮತ್ತು ಅಷ್ಟು ಹೊಟ್ಟೆಯುರಿ ಒಟ್ಟಿಗೇ ಆದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಅವಳು ಸಂಜೆಯವರೆಗೂ ಕಾಯದೆ ಎರಡು ಗಂಟೆಗೇ ತಮಗೆ ಪ್ರಮಾಣಪತ್ರ ಒಪ್ಪಿಸಿದಳೆಂದು ತಿಳಿಯಿತು. ಈಗ ಆರು ದಿನದಿಂದ ತಮ್ಮಲ್ಲಿ ತರಗತಿಗಳು ನಡೆಯುತ್ತಿವೆ. ನಾನು ಯಾರೆಂದು ಗುಮಾಸ್ತರಿಂದ ಕೇಳಿ ತಿಳಿದುಕೊಂಡು ಬಂದ ಹುಡುಗಿ ಮೊದಲ ದಿನ ನನ್ನ ಕಿಟಕಿಯ ಮುಂದೆ ನಿಂತು ಕೈಮುಗಿದು ಹೋದಳು. ಎರಡನೇ ದಿನದಿಂದ, ಅಂದಂದಿನ ಪಾಠದ ಟಿಪ್ಪಣಿಗಳನ್ನು ನಕಲು ಮಾಡಿಸಿ ಕಂಡಿಯಲ್ಲಿ ತೂರಿಸಿ, "ಅಕ್ಕಾ, ನೀವು ಬರೋ ಹೊತ್ತಿಗೆ ಹಿಂದೆ ಬಿದ್ದಿರ್ಬಾರ್ದು" ಎಂದು ಹೇಳಿ ಹೋಗುತ್ತಾಳೆ. ಮೂಳೆಗಳ ಹೆಸರನ್ನು ನಾನೂ ಮಗಳೂ ಒಟ್ಟಿಗೆ ಉರು ಹೊಡೆಯುತ್ತಿದ್ದೇವೆ, ಅವಳು ನನಗಿಂತ ಹನ್ನೊಂದು ಮೂಳೆ ಮುಂದಿದ್ದಾಳೆ. ತರಗತಿ ಶುರುವಾದ ಹದಿನೈದು ದಿನದೊಳಗೆ ಯಾರಾದರೂ ಬಿಟ್ಟರೆ ಆ ಸೀಟು ನನಗೆಂದು ತಮ್ಮ ಗುಮಾಸ್ತರು ಮತ್ತೆ ಪೆನ್ಸಿಲಿನಲ್ಲಿ ಬರೆದಿದ್ದಾರಂತೆ. ಇನ್ನು ಒಂಬತ್ತು ದಿನವಿದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಸವಿನಯ ಬೇಡಿಕೆಗಳಿಷ್ಟು. ನಾನು ತಮ್ಮ ಫಲಕದ ಮುಂದೆ ನಿಂತು ಕಾದ ಆರು ವಾರಗಳನ್ನು ನನ್ನ ಬದುಕಿನಿಂದ ಹೇಗೂ ತೆಗೆದಾಗಿದೆ, ಅವನ್ನು ನನ್ನ ವಯಸ್ಸಿನಿಂದಲೂ ತೆಗೆದುಹಾಕಿ, ಇನ್ನು ಕಾಯಬೇಕಾದ ಹತ್ತೂವರೆ ತಿಂಗಳನ್ನೂ ಮುಂಗಡವಾಗಿ ಅದಕ್ಕೆ ಸೇರಿಸಿ ಕಳೆದು, ಮುಂದಿನ ವರ್ಷವೂ ನನಗೆ ಮೂವತ್ತನಾಲ್ಕೇ ಎಂದು ಆದೇಶ ಹೊರಡಿಸಬೇಕು, ಅತ್ತೆಯವರು ತಮ್ಮ ವಯಸ್ಸಿನಿಂದಲೂ ಒಂದಿಷ್ಟು ತೆಗೆಸಿಕೊಡಲು ಸಾಧ್ಯವೇ ಎಂದು ಕೇಳುತ್ತಿದ್ದಾರೆ. ಅದಾಗದಿದ್ದಲ್ಲಿ, ತಮ್ಮ ಗುಮಾಸ್ತರನ್ನು ದಿನಕ್ಕೊಂದು ಗಂಟೆ ನಮ್ಮ ಹಜಾರದ ಬೆಂಚಿಗೆ ಎರವಲು ಕೊಡಬೇಕು, ಹೇಗೆ ಕೂರಬೇಕೆಂದು ರೋಗಿಗಳು ನೋಡಿ ಕಲಿಯಲಿ, ಹೇಗೆ ಕಾಯಿಸಬಾರದೆಂದು ನಾನು ಅವರನ್ನು ನೋಡಿ ಕಲಿಯುತ್ತೇನೆ. ಅಂದಹಾಗೆ, ನಾನೀಗ ಚೀಟಿ ಕೊಡುವಾಗ ಮುಖ ನೋಡಿ, "ನಿಮ್ಮ ಮುಂದೆ ಇಪ್ಪತ್ತು ಜನ ಇದ್ದಾರೆ, ಒಂದು ಗಂಟೆ ಆಗುತ್ತೆ, ನೀರು ಕುಡಿದು ಬನ್ನಿ, ಎದೆ ನೋವಿದ್ರೆ ಈಗ್ಲೇ ಹೇಳಿ" ಎನ್ನುತ್ತೇನೆ. ಇದರಿಂದ ನನ್ನ ಕಿಟಕಿಯ ಸಾಲು ಎರಡರಷ್ಟು ಉದ್ದವಾಗಿದೆ, ಮುಖ್ಯಸ್ಥರು ಕಾರಣ ಕೇಳಿ ನೋಟೀಸು ಕೊಟ್ಟಿದ್ದಾರೆ. ಉತ್ತರ ಕೊಡಲು ಹೋದಾಗ ಅವರು ತಲೆಯೆತ್ತದೆ ನನ್ನನ್ನು ಕೂರಲು ಹೇಳಿದರು.

ಕಾಯಿಸಿದ್ದಕ್ಕಾಗಿ ತಮ್ಮನ್ನೂ, ಕೂರಿಸಿದ್ದಕ್ಕಾಗಿ ನನ್ನನ್ನೂ ಒಟ್ಟಿಗೇ ಕ್ಷಮಿಸಲು ಪ್ರಯತ್ನಿಸುತ್ತ,

ತಮ್ಮ ವಿಶ್ವಾಸಿ,
ಮೂರನೇ ಕಿಟಕಿ
(ವೇಟಿಂಗ್ ಲಿಸ್ಟ್ ಹದಿನಾಲ್ಕು, ಪೆನ್ಸಿಲಿನಲ್ಲಿ)

ಮರೆತ ಮಾತು: ನನ್ನ ಸಂಪರ್ಕ ಸಂಖ್ಯೆಯನ್ನು ಬದಲಾಯಿಸಿದ್ದೇನೆ, ಇನ್ನು ಮುಂದೆ ದಯವಿಟ್ಟು ನಮ್ಮತ್ತೆಯವರ ಫೋನಿಗೆ ಕರೆ ಮಾಡಬೇಕು. ಫೋನ್ ಮಾಡಿದವರನ್ನು ಅರ್ಧ ಗಂಟೆಗೆ ಮುಂಚೆ ಅವರು ಎಂದೂ ಬಿಟ್ಟವರಲ್ಲ, ಅವರದೇ ಮಂಡಿನೋವು, ನನ್ನ ಬ್ಯಾಂಡೇಜು, ಮೊಮ್ಮಗಳ ಅಂಕ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆಯೇ ಯಾಕೆ ಫೋನ್ ಮಾಡಿದಿರೆಂದು ಕೇಳುತ್ತಾರೆ, ಅಷ್ಟು ಹೊತ್ತು ತಮ್ಮ ಗುಮಾಸ್ತರು ಕೂತಿರುತ್ತಾರೆಂಬ ಭರವಸೆ ನನಗಿದೆ. ತರಗತಿ ಶುರುವಾದಂದಿನಿಂದ ನನ್ನ ಬೂಟಿಗೆ ಬಿಳಿ ಬಳಿಯುವುದೂ ಅತ್ತೆಯವರೇ, ನನಗೆ ಕಾಣದ ಹಾಗೆ. ಆದ್ದರಿಂದ ಸೀಟು ಇಲ್ಲವೆಂದು ಹೇಳುವುದಿದ್ದರೆ ಮಾತ್ರ, ಆ ನಂಬರಿಗೆ ಬೇಡ, ನನ್ನ ಕಿಟಕಿಗೇ ಮಾಡಿ. ನಾನು ಕೂತಿರುತ್ತೇನೆ.